ಭೇಂಡಿ ಬಜಾರಿನ ಲಾಯದಿಂದ ನೂರು ಮೈಲಿಯ ಹಾದಿಗೆ

ವಿಜಯನಗರದ ಸಾಳುವ ನರಸಿಂಹರಾಯನು ಕುದುರೆ ಕೊಳ್ಳುತ್ತಿದ್ದ ರೀತಿಯನ್ನು, ಸ್ವತಃ ಕುದುರೆಯ ವ್ಯಾಪಾರಕ್ಕೆಂದೇ ಆ ನಗರಕ್ಕೆ ಬಂದು ಕೆಲಕಾಲ ನಿಂತಿದ್ದ ಪೋರ್ತುಗೀಜ ನೂನಿಜನು ಬರೆದಿಟ್ಟಿದ್ದಾನೆ. ನಮ್ಮ ಹಿರಿಯರು ಹುರುಮುಂಜಿ ಎಂದು ಕರೆಯುತ್ತಿದ್ದ ಹೊರ್ಮುಜಿನಿಂದ ಹಡಗೇರಿದ ಕುದುರೆಗಳಿಗೆ ಮೂರಕ್ಕೆ ಸಾವಿರ ಪರದಾವು ನಾಣ್ಯದಂತೆ ಬೆಲೆ ಕಟ್ಟಿ, ಬದುಕಿ ಬಂದದ್ದಕ್ಕೂ ನಡುಗಡಲಿನಲ್ಲಿ ಸತ್ತದ್ದಕ್ಕೂ ಭೇದವೆಣಿಸದೆ, ಸತ್ತ ಕುದುರೆಯ ಬಾಲವೊಂದನ್ನು ತಂದು ಮುಂದಿಟ್ಟರೂ ಆ ಅರಸನು ಪೂರ್ಣ ಹಣವನ್ನು ಎಣಿಸಿಕೊಡುತ್ತಿದ್ದನಂತೆ. ಓದಿದವರು ಇದನ್ನು ಔದಾರ್ಯವೆಂದು ಮೆಚ್ಚಬಹುದು, ಅವಿವೇಕವೆಂದು ನಗಲೂಬಹುದು. ನನಗಂತೂ ಇದರಲ್ಲಿ ಕಾಣುವುದು ಪಕ್ಕಾ ವ್ಯಾಪಾರದ ಲೆಕ್ಕ. ಕುದುರೆಯ ತಾಳಿಕೆಗೆ ಮೊದಲ ಪರೀಕ್ಷೆ ಸಮುದ್ರವೇ ಎಂಬುದನ್ನೂ, ಆ ಪರೀಕ್ಷೆಯಲ್ಲಿ ಸೋತವುಗಳ ನಷ್ಟವನ್ನು ವ್ಯಾಪಾರಿಯ ತಲೆಯ ಮೇಲೆ ಹೊರಿಸಿದರೆ ಮರುವರುಷ ಅವನು ಹಡಗನ್ನೇ ಬಿಡಲಾರನೆಂಬುದನ್ನೂ ತಿಳಿದಿದ್ದವನು ಮಾತ್ರ ಹೀಗೆ ಬಾಲಕ್ಕೆ ಬೆಲೆ ಕೊಡಬಲ್ಲನು.

ಭಟ್ಕಳ ಹೊನ್ನಾವರಗಳಲ್ಲಿ ಇಳಿಯುತ್ತಿದ್ದ ಈ ತೇಜಿಗಳು 1510ರಲ್ಲಿ ಗೋವೆ ಪೋರ್ತುಗೀಜರ ಕೈಸೇರಿದ ತರುವಾಯ ಆ ಬಂದರಿನ ಸುಂಕದ ಕಟ್ಟೆಗೆ ಕಟ್ಟುಬಿದ್ದುವು. ವಿಜಯನಗರದ ಅರಸನು ವರುಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂಬ ನೂನಿಜನ ಲೆಕ್ಕದಲ್ಲಿ ನಾಡಕುದುರೆಗಳೂ ಸೇರಿವೆಯಾದರೂ, ಮೇಲುಜಾತಿಯವೆಲ್ಲ ಕಡಲು ದಾಟಿ ಬಂದವುಗಳೇ. ವಿಜಯನಗರ ಅಳಿಯಿತು, ಪೋರ್ತುಗೀಜರ ಕಡಲೂ ಕೈತಪ್ಪಿತು, ಕಾಲಾಂತರದಲ್ಲಿ ಅರಬ್ಬೀ ಕುದುರೆಯ ಹಡಗು ತನ್ನ ಮೂತಿಯನ್ನು ಉತ್ತರಕ್ಕೆ ತಿರುಗಿಸಿ ಮುಂಬಯಿಯಲ್ಲಿ ಲಂಗರು ಹಾಕಿತು. ಹತ್ತೊಂಬತ್ತನೆಯ ಶತಮಾನವೆಲ್ಲ ಬಸ್ರಾ, ಕುವೈತ್, ಮುಹಮ್ಮರಾಗಳಿಂದ ಹೊರಟ ಕುದುರೆ ನೇರವಾಗಿ ಬಂದಿಳಿಯುತ್ತಿದ್ದುದು ಈ ದ್ವೀಪನಗರಿಗೆ. ಬಗ್ದಾದಿನಿಂದ ಬಂದು ಇಲ್ಲಿ ನೆಲಸಿದ ಸಸೂನ್ ಮನೆತನದವರು ಹತ್ತಿಯಲ್ಲಿಯೂ ಅಫೀಮಿನಲ್ಲಿಯೂ ಕೋಟ್ಯಧೀಶರಾದ ಕಾಲ ಯಾವುದೋ ಅದೇ ಈ ಕುದುರೆ ವ್ಯಾಪಾರದ ಕಾಲವೂ ಹೌದು.

ಇಂದು ಭೇಂಡಿ ಬಜಾರಿನಿಂದ ಭಾಯಖಳದ ಕಡೆಗೆ ನಡೆಯುವವನಿಗೆ ಕೈಗಾಡಿ, ಟ್ಯಾಕ್ಸಿ, ತಲೆಯ ಮೇಲೆ ಹಾದುಹೋಗುವ ಮೇಲ್ಸೇತುವೆ, ಹಳೆಯ ಚಾಳುಗಳನ್ನು ನುಂಗಿ ಎದ್ದ ಗೋಪುರದಂಥ ಕಟ್ಟಡಗಳು ಇವಿಷ್ಟು ಕಾಣುವುವೇ ಹೊರತು, ಈ ಪ್ರದೇಶದಲ್ಲಿಯೇ ಅರಬ್ಬರ ಲಾಯಗಳು ಇದ್ದುವೆಂಬುದಕ್ಕೆ ಒಂದು ಗೂಟದ ಕುರುಹೂ ಕಾಣದು. ಮಳೆಗಾಲ ಕಳೆದು ಕಡಲು ತಣ್ಣಗಾದ ಮೇಲೆ, ವಾರಗಟ್ಟಲೆ ನಿಂತೇ ಬಂದ ಕುದುರೆಗಳು ಎಲುಬು ತೋರುವ ಪಕ್ಕೆಗಳೊಡನೆ ಇಲ್ಲಿ ಇಳಿಯುತ್ತಿದ್ದುವು. ಹುಲ್ಲು ಕಾಳುಗಳಿಂದ ಮೈತುಂಬಿಕೊಳ್ಳುವವರೆಗೆ ವ್ಯಾಪಾರಿ ಅವಸರಪಡುತ್ತಿರಲಿಲ್ಲ. ಕೊಳ್ಳಲು ಬಂದ ಸೇನಾಧಿಕಾರಿಯಾದರೋ ಮೊದಲು ತುಟಿಯನ್ನೆತ್ತಿ ಹಲ್ಲು ನೋಡಿ ವಯಸ್ಸನ್ನು ಅಂದಾಜು ಮಾಡಿ, ಆಮೇಲೆ ಮೊಣಕಾಲಿನಿಂದ ಗೊರಸಿನವರೆಗೆ ಅಂಗೈಯನ್ನು ನಿಧಾನವಾಗಿ ಇಳಿಸುತ್ತ ಎಲ್ಲಿ ಬಿಸಿಯಿದೆ, ಎಲ್ಲಿ ಬಾವಿದೆ, ಯಾವ ನರ ಹಳೆಯ ನೋವನ್ನು ಬಚ್ಚಿಟ್ಟುಕೊಂಡಿದೆ ಎಂದು ಕಣ್ಮುಚ್ಚಿಕೊಂಡು ಓದುತ್ತಿದ್ದನು. ಅಳತೆಯ ಕೋಲು ಕೊನೆಗೆ ಬರುತ್ತಿತ್ತು. ಕುದುರೆಯ ಎತ್ತರವನ್ನು ನಾಲ್ಕು ಅಂಗುಲದ ಹಿಡಿಯಿಂದ ಎಣಿಸುವ ಪದ್ಧತಿಯಂತೆ ಈ ಅರಬ್ಬೀಗಳು ಸಾಮಾನ್ಯವಾಗಿ ಹದಿನಾಲ್ಕು ಹಿಡಿಯ ಆಸುಪಾಸಿನವು. ಇಂಗ್ಲೆಂಡಿನ ಎತ್ತರದ ಓಟದ ಕುದುರೆಯ ಪಕ್ಕದಲ್ಲಿ ನಿಲ್ಲಿಸಿದರೆ ತಟ್ಟುವೆಂದು ಹೇಳಬೇಕಾದಂಥವು. ಅದಕ್ಕೆಂದೇ ಆಗಿನ ಪಂದ್ಯಗಳಲ್ಲಿ ಅರಬ್ಬೀಗಳಿಗೆ ಪ್ರತ್ಯೇಕ ಓಟಗಳಿದ್ದುವು. ಎತ್ತರದ ಪ್ರತಿಯೊಂದು ಅಂಗುಲಕ್ಕೂ ಇಷ್ಟು ತೂಕವೆಂದು ಹೊರಿಸುವ ಕ್ರಮವೂ ಇತ್ತು. ದೂರದ ಸವಾರಿಯಲ್ಲಿ ಮೈಲಿಯಷ್ಟೇ ಮುಖ್ಯವಾದುದು ಬೆನ್ನ ಮೇಲಿನ ಭಾರವೆಂಬ ನ್ಯಾಯವು ಹೀಗೆ ಬಹು ಮುಂಚಿನಿಂದಲೂ ಈ ಊರಿಗೆ ಗೊತ್ತಿದ್ದುದೇ.

ಈ ವ್ಯಾಪಾರಿಗಳಲ್ಲಿ ಅಬ್ದುಲ್ ರಹಮಾನ್ ಎಂಬ ಅರಬ್ಬನ ಹೆಸರು ಉಳಿದುಬಂದಿರುವುದು ಅವನ ಲಾಯದಿಂದ ಹೊರಟ ಎರಡು ಕುದುರೆಗಳ ದೆಸೆಯಿಂದ. ಅರೇಬಿಯದ ನೆಜ್ದಿನಲ್ಲಿ 1869ರಲ್ಲಿ ಹುಟ್ಟಿ, ಎರಡು ವರುಷದ ಮರಿಯಾಗಿ ಮುಂಬಯಿಯಲ್ಲಿ ಬಿಕರಿಯಾದ ಮೈದಾನ್ ಎಂಬುದು ಒಂದು. ಮತ್ತೊಂದು, ಮುಂದೆ ಲಾರ್ಡ್ ರಾಬರ್ಟ್ಸ್ ಎಂದು ಹೆಸರಾದ ಸೇನಾನಿ 1877ರಲ್ಲಿ ಕೊಂಡ ಬೂದುಬಿಳುಪಿನ ಗಂಡು. ಈಶಾನ್ಯ ಬೆಟ್ಟಗಳ ಲುಷಾಯಿ ನಾಯಕನೊಬ್ಬನ ಹೆಸರನ್ನು ತೆಗೆದುಕೊಂಡು ಅದನ್ನು ಅವನು ವೊನೊಲೆಲ್ ಎಂದು ಕರೆದನು. ಅರೇಬಿಯದ ಕುದುರೆಗೆ ಮುಂಬಯಿಯ ಸಂತೆಯಲ್ಲಿ ಮಿಜೋ ಬೆಟ್ಟದ ಹೆಸರು! ಸಾಮ್ರಾಜ್ಯವೆಂಬುದು ಎಂತೆಂಥ ವಸ್ತುಗಳನ್ನು ಒಂದೇ ಗೂಟಕ್ಕೆ ಕಟ್ಟುತ್ತಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇವೆರಡಕ್ಕೂ ಒದಗಿದ ದೊಡ್ಡ ಪರೀಕ್ಷೆ ಅಫ್ಘಾನಿಸ್ತಾನದ್ದು; ಅದಕ್ಕೆ ಕಾರಣವಾದ ಸಂಕಟವೂ ಮುಂಬಯಿಯದೇ. 1880ರ ಜುಲೈ 27ರಂದು ಮೈವಂದದ ಬಯಲಿನಲ್ಲಿ ಬಹುಮಟ್ಟಿಗೆ ಮುಂಬಯಿ ಸೈನ್ಯದಿಂದ ಕೂಡಿದ್ದ ದಳವು ಅಫ್ಘನ್ ಸರದಾರ ಅಯೂಬಖಾನನ ಕೈಯಲ್ಲಿ ನುಚ್ಚುನೂರಾಯಿತು; ಅಳಿದುಳಿದವರು ಕಂದಹಾರದ ಗೋಡೆಯೊಳಗೆ ಸೇರಿಕೊಂಡರು. ಅವರನ್ನು ಬಿಡಿಸಲು ರಾಬರ್ಟ್ಸನು ಕಾಬೂಲಿನಿಂದ ಸುಮಾರು 10,000 ಯೋಧರೊಡನೆ ಆಗಸ್ಟ್ ಎರಡನೆಯ ವಾರದಲ್ಲಿ ಹೊರಟು, 310 ಮೈಲಿಗೂ ಮಿಕ್ಕ ಹಾದಿಯನ್ನು ಸವೆಸಿ ಅದೇ ತಿಂಗಳ 31ರಂದು ಕಂದಹಾರವನ್ನು ಮುಟ್ಟಿದನು. ನಮ್ಮ ಹಳೆಯ ಲೆಕ್ಕದಲ್ಲಿ ಇದು ನೂರು ಹರದಾರಿಗೂ ಮೇಲಾಯಿತು. ದಿನಕ್ಕೆ ನಾಲ್ಕೂವರೆ ಹರದಾರಿ. ಅಷ್ಟೇಕೆ ದೊಡ್ಡದು, ನಮ್ಮ ಹಳ್ಳಿಯ ಜಾತ್ರೆಗೆ ಹೋಗುವ ಮುದುಕಿಯರೂ ಅಷ್ಟು ನಡೆದಾರು ಎನ್ನುವವರಿಗೆ, ಮೇವಿಲ್ಲದ ಆ ಸೀಮೆಯಲ್ಲಿ ಹಗಲಿನ ಉರಿಬಿಸಿಲು, ಇರುಳಿನ ಕೊರೆಚಳಿ, ದಳದ ಮುಂದೆ ಏಳುವ ಧೂಳನ್ನೆಲ್ಲ ಹಿಂದಿನವರು ಕುಡಿಯಬೇಕಾದ ಗತಿ ಇವನ್ನು ನೆನಪಿಸಬೇಕು. ದಂಡನಾಯಕನೇ ಜ್ವರ ಹಿಡಿದು ಕೊನೆಯ ಹಂತದಲ್ಲಿ ಡೋಲಿಯಲ್ಲಿ ಮಲಗಿ ಸಾಗಬೇಕಾಯಿತು. ಕೋಟೆ ಸಮೀಪಿಸಿದಾಗ, ಬಿಡಿಸಲು ಬಂದವನೇ ಮಲಗಿ ಬರುವುದು ಶೋಭೆಯಲ್ಲವೆಂದು ಎದ್ದು ಕುದುರೆ ಏರಿದನಂತೆ. ಮರುದಿನದ ಕಾಳಗದಲ್ಲಿ ಗೆಲವು ಅವನದಾಯಿತು. ಆದರೆ ಮೈದಾನಿನ ಒಡೆಯ, 72ನೆಯ ಹೈಲ್ಯಾಂಡರ್ ದಳದ ಕರ್ನಲ್ ಬ್ರೌನ್‌ಲೊ, ಅಂದು ಮಡಿದನು. ಕೊಲಾಬಾದಲ್ಲಿ ಜನ ಇಂದಿಗೂ ಅಫ್ಘನ್ ಚರ್ಚ್ ಎನ್ನುವ ದೇವಾಲಯವು ಇದಕ್ಕೂ ಹಿಂದಿನ ಅಫ್ಘನ್ ಯುದ್ಧದಲ್ಲಿ ಸತ್ತವರಿಗಾಗಿ ಕಟ್ಟಿದುದು. ಹೆಸರುಗಳನ್ನು ಕೆತ್ತಿದ ಅದರ ಕಲ್ಲುಗಳಲ್ಲಿ ಮನುಷ್ಯರ ಹೆಸರುಗಳಿಗೆ ಮಾತ್ರ ಎಡೆಯುಂಟು.

ವೊನೊಲೆಲಿಗಾದರೋ ಬೇರೆ ಬಗೆಯ ಗೌರವ ಸಂದಿತು. ವಿಕ್ಟೋರಿಯಾ ರಾಣಿಯು ಅದಕ್ಕೆ ಅಫ್ಘನ್ ಯುದ್ಧದ ಪದಕವನ್ನೂ ಕಾಬೂಲ್ ಕಂದಹಾರ ನಕ್ಷತ್ರವನ್ನೂ ಧರಿಸುವ ಹಕ್ಕನ್ನು ಕೊಟ್ಟಳು. 1897ರ ವಜ್ರಮಹೋತ್ಸವದ ಮೆರವಣಿಗೆಯಲ್ಲಿ ಎದೆಪಟ್ಟಿಯ ಮೇಲೆ ಈ ಬಿರುದುಗಳನ್ನು ಧರಿಸಿ ಅದು ಲಂಡನ್ನಿನ ಬೀದಿಗಳಲ್ಲಿ ನಡೆಯಿತು. 1899ರಲ್ಲಿ ಸತ್ತಾಗ ಡಬ್ಲಿನ್ನಿನ ರಾಜ ಆಸ್ಪತ್ರೆಯ ತೋಟದಲ್ಲಿ ಹೂಳಿ ಕಲ್ಲು ನಿಲ್ಲಿಸಿದರು. ತನ್ನ ಯಜಮಾನನನ್ನು ಹೊತ್ತು ಅದು ಒಟ್ಟು 50,000 ಮೈಲಿ ನಡೆದಿತ್ತೆಂಬ ಅಂದಾಜೂ ಪ್ರಚಾರದಲ್ಲಿದೆ. ಅದನ್ನು ಎಣಿಸಿದವರು ಯಾರೋ.

ಸೈನಿಕನಿಗೆ ದೂರವೆಂಬುದು ತಲಪಬೇಕಾದ ಒಂದು ಸ್ಥಳ. ತಲಪಿದ ಮೇಲೆ ಕುದುರೆ ಮರುದಿನ ಕಾಳಗಕ್ಕೆ ಒದಗಬೇಕು. ಈ ವಿವೇಕವನ್ನು ಮರೆತರೆ ಏನಾಗುವುದೆಂಬುದನ್ನು 1892ರ ಅಕ್ಟೋಬರಿನಲ್ಲಿ ಯೂರೋಪು ಕಣ್ಣಾರೆ ಕಂಡಿತು. ಜರ್ಮನಿಯ ಅಧಿಕಾರಿಗಳು ಬರ್ಲಿನ್ನಿನಿಂದ ವಿಯೆನ್ನಾಕ್ಕೂ, ಆಸ್ಟ್ರಿಯ ಹಂಗೇರಿಯವರು ವಿಯೆನ್ನಾದಿಂದ ಬರ್ಲಿನ್ನಿಗೂ, ಒಂದೇ ಕುದುರೆಯ ಮೇಲೆ ಸುಮಾರು 580 ಕಿಲೋಮೀಟರು ಓಡಿಸಬೇಕೆಂಬ ಪಣ ಹೂಡಿದರು. ಗೆದ್ದ ಕೌಂಟ್ ಸ್ಟಾರೆಂಬರ್ಗನು 71 ತಾಸಿನ ಮೇಲೆ ಕೆಲವು ನಿಮಿಷಗಳಲ್ಲಿ ಗುರಿ ಮುಟ್ಟಿದನು. ಅವನ ಕುದುರೆ ಸತ್ತಿತು. ಅದರಂತೆಯೇ ಇನ್ನೂ ಹಲವು ಸತ್ತುವು. ಬಹುಮಟ್ಟಿಗೆ ಗಡಿಯಾರವೇ ತೀರ್ಪುಗಾರನಾಗಿದ್ದ ಸ್ಪರ್ಧೆ ಅದು. ಅದರ ಅಪಕೀರ್ತಿಯೇ ಮುಂದಿನವರಿಗೆ ನಿಯಮಗಳನ್ನು ಕಲಿಸಿತೆಂದರೆ ತಪ್ಪಾಗದು. ಮೊದಲ ಮಹಾಯುದ್ಧದ ಬೆನ್ನಿಗೇ ಅಮೆರಿಕದ ಅಶ್ವಸೈನ್ಯಕ್ಕಾಗಿಯೂ, ಇಂಗ್ಲೆಂಡಿನ ಅರಬ್ಬೀ ಅಶ್ವಸಂಘದ ಕಡೆಯಿಂದಲೂ ಏರ್ಪಟ್ಟ ಪರೀಕ್ಷೆಗಳಲ್ಲಿ ದೂರವು 300 ಮೈಲಿಯೇ ಆದರೂ ಅದನ್ನು ಐದು ದಿನಗಳಿಗೆ ಹಂಚಿ, ದಿನಕ್ಕೆ 60 ಮೈಲಿಯೆಂದು ಕಟ್ಟುಮಾಡಿದರು. ಇಂಗ್ಲೆಂಡಿನಲ್ಲಿ ಭಾರ 13 ಸ್ಟೋನ್. ಅಮೆರಿಕದಲ್ಲಿ 200 ಪೌಂಡಿನಿಂದ ಆರಂಭಿಸಿ 245ರವರೆಗೂ ಏರಿಸಿದರು. 200 ಪೌಂಡು ಹೊತ್ತು 1919ರ ಪರೀಕ್ಷೆಯಲ್ಲಿ ಮುಂದಾದುದು ರಮ್ಲಾ ಎಂಬ ಅರಬ್ಬೀ ಹೆಣ್ಣು. ಇಂಗ್ಲೆಂಡಿನ ಪರೀಕ್ಷೆಯಲ್ಲಿ ಹೆಸರು ಪಡೆದ ಶಹಜಾದಾ ಎಂಬ ಗಂಡನ್ನು ಆಮೇಲೆ ಆಸ್ಟ್ರೇಲಿಯಕ್ಕೆ ಸಾಗಿಸಿದರು. ಅದರ ಹೆಸರಿನಲ್ಲಿ ಅಲ್ಲಿ ಈಗಲೂ ಐದು ದಿನಗಳ, 400 ಕಿಲೋಮೀಟರಿನ ಸವಾರಿ ನಡೆಯುತ್ತದೆ.

ಅಶ್ವಸೈನ್ಯಗಳು ಟ್ಯಾಂಕುಗಳಿಗೆ ಎಡೆಗೊಟ್ಟ ಮೇಲೆ ಈ ಪರೀಕ್ಷೆ ಆಟವಾಯಿತು. ಕ್ಯಾಲಿಫೋರ್ನಿಯದ ಆಬರ್ನ್ ಪಟ್ಟಣದ ವೆಂಡೆಲ್ ರಾಬಿ ಎಂಬ ಗೃಹಸ್ಥನು, ಈಗಿನ ಕುದುರೆಗಳು ದಿನಕ್ಕೆ ನೂರು ಮೈಲಿ ಹೋಗಲಾರವೆಂದು ಯಾರೋ ಆಡಿದ ಮಾತನ್ನು ಸುಳ್ಳುಮಾಡಲು 1955ರ ಆಗಸ್ಟಿನಲ್ಲಿ ಕೆಲವು ಜೊತೆಗಾರರೊಡನೆ ತಾಹೋ ಸರೋವರದ ದಡದಿಂದ ಹೊರಟು, ಸಿಯೆರಾ ಪರ್ವತಗಳನ್ನು ಹತ್ತಿಳಿದು, ಬಂಡೋಸ್ ಎಂಬ ಅರಬ್ಬೀ ಕುದುರೆಯ ಮೇಲೆ 24 ತಾಸು ತುಂಬುವುದರೊಳಗೆ ತನ್ನ ಊರನ್ನು ಸೇರಿದನು. ಟೆವಿಸ್ ಕಪ್ ಎಂದು ಇಂದು ಲೋಕವಿಖ್ಯಾತವಾದುದು ಇದೇ. ಅಲ್ಲಿ ಒಂದು ದಿನದೊಳಗೆ ಕುದುರೆಯನ್ನು ಕ್ಷೇಮವಾಗಿ ತಂದವರಿಗೆಲ್ಲ ಬೆಳ್ಳಿಯ ಬಕಲು. ಮೊದಲ ಹತ್ತರಲ್ಲಿ ಎಲ್ಲಕ್ಕಿಂತ ಸ್ವಸ್ಥವಾಗಿರುವ ಕುದುರೆಗೆ ಹ್ಯಾಗಿನ್ ಕಪ್ ಎಂಬ ಬೇರೆಯೇ ಬಹುಮಾನ, ಬಲ್ಲವರು ಮೊದಲನೆಯದಕ್ಕಿಂತ ಹೆಚ್ಚಾಗಿ ಹಂಬಲಿಸುವುದು ಇದನ್ನೇ ಎನ್ನುತ್ತಾರೆ. ಇದನ್ನು ನೋಡಿ ಆಸ್ಟ್ರೇಲಿಯದ ಆರ್. ಎಂ. ವಿಲಿಯಮ್ಸ್ 1966ರಲ್ಲಿ ತನ್ನ ದೇಶದಲ್ಲಿಯೂ ಅಷ್ಟೇ ದೂರದ ಕ್ವಿಲ್ಟಿ ಸವಾರಿಯನ್ನು ಹೂಡಿದನು. ಮೊದಲ ವರುಷ ಗೆದ್ದ ಗೇಬ್ರಿಯಲ್ ಸ್ಟೆಕರನು ತನ್ನ ಅರಬ್ಬೀ ಗಂಡಿನ ಮೇಲೆ ಜೀನೇ ಇಲ್ಲದೆ ಕುಳಿತು ಬಂದನೆಂಬುದು ಅಲ್ಲಿಯವರು ಹೆಮ್ಮೆಯಿಂದ ಹೇಳುವ ಕಥೆ.

ಈ ನೂರು ಮೈಲಿಯನ್ನೇ 160 ಕಿಲೋಮೀಟರೆಂದು ತಿರುಗಿಸಿಕೊಂಡು ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟವು ತನ್ನ ಅತ್ಯುನ್ನತ ಮಾನವನ್ನಾಗಿ ಮಾಡಿಕೊಂಡಿತು. 1986ರಲ್ಲಿ ರೋಮಿನಲ್ಲಿ ಮೊದಲ ವಿಶ್ವಸ್ಪರ್ಧೆ ನಡೆಯಿತು. ಗಾವುದಕ್ಕೆ ನಾಲ್ಕು ಹರದಾರಿಯೆಂದು ಹಿಡಿದರೆ ಎಂಟು ಗಾವುದದ ಮೇಲೆ ಇನ್ನೊಂದು ಹರದಾರಿ. ಆದರೆ ದೂರ ಒಂದೇ ಆದ ಮಾತ್ರಕ್ಕೆ ಸವಾರಿ ಒಂದೇ ಆಗುವುದೆ? ಸಿಯೆರಾದ ಕಡಿದಾದ ಕಮರಿಗಳಲ್ಲಿ ಇಡೀ ಹಗಲನ್ನೂ ಇರುಳಿನ ಬಹುಭಾಗವನ್ನೂ ಬೇಡುವ ಅಷ್ಟೇ ಹಾದಿ, ಕೊಲ್ಲಿಯ ಅರಬ್ ರಾಜ್ಯಗಳ ಮಟ್ಟಸವಾದ ಮರಳಿನಲ್ಲಿ ಆರು ತಾಸಿನ ಆಸುಪಾಸಿನಲ್ಲಿ ಮುಗಿದದ್ದುಂಟು.

ಭೇದದ ಬೇರು ನೆಲದಲ್ಲಿರುವುದಕ್ಕಿಂತ ಒಡೆತನದಲ್ಲಿದೆಯೆಂದು ನನ್ನ ಎಣಿಕೆ. ಮರಾಠರ ಸೈನ್ಯದಲ್ಲಿ ಎರಡು ಬಗೆಯ ರಾವುತರಿದ್ದರು: ಸ್ವಂತ ಕುದುರೆ, ಸ್ವಂತ ಆಯುಧ ತಂದು ಸೇವೆಗೆ ನಿಲ್ಲುವ ಶಿಲೇದಾರನೊಬ್ಬ; ಸರಕಾರದ ಕುದುರೆಯೇರಿ ಸಂಬಳಕ್ಕೆ ದುಡಿಯುವ ಬಾರಗೀರನೊಬ್ಬ. ನಮ್ಮ ಮೈಸೂರಿನಲ್ಲಿಯೂ ಸಿಲ್ಲೇದಾರರೆಂಬ ಹೆಸರು ಬಹುಕಾಲ ನಡೆದುಬಂದುದುಂಟು. ಕುದುರೆ ಸತ್ತರೆ ಶಿಲೇದಾರನ ಬದುಕೇ ಮುಳುಗಿತು. ಆದಕಾರಣ ಅವನು ಕಾಳಗದ ನಡುವೆಯೂ ತನ್ನ ಕುದುರೆಯನ್ನು ಕಾಯುತ್ತಾನೆಂಬ ದೂರೂ ಇತ್ತು. ಅಮೆರಿಕ ಆಸ್ಟ್ರೇಲಿಯಗಳ ದೀರ್ಘಸವಾರಿಯು ಬಹುಮಟ್ಟಿಗೆ ಶಿಲೇದಾರರ ಆಟ. ರೈತ, ಮಾಸ್ತರು, ವೈದ್ಯೆ, ಹದಿಹರೆಯದ ಹುಡುಗಿ, ಎಪ್ಪತ್ತರ ಅಜ್ಜ ಎಲ್ಲರೂ ತಂತಮ್ಮ ಕುದುರೆಗಳನ್ನು ತಾವೇ ಸಾಕಿ, ತಾವೇ ಉಜ್ಜಿ, ತಾವೇ ಸವಾರಿಮಾಡಿ, ಮುಗಿಸಿದರೆ ಗೆದ್ದಂತೆಯೇ ಎಂದುಕೊಂಡು ಮನೆಗೆ ಹೋಗುವವರು. ಅಮೆರಿಕದ ಈ ಸವಾರರ ಸಂಘವು 50 ಮೈಲಿಯಿಂದ ಮೇಲಿನದನ್ನು ದೀರ್ಘಸವಾರಿಯೆಂದು ಒಪ್ಪಿ, ಅದಕ್ಕಿಂತ ಕಡಿಮೆಯ ದೂರಗಳಿಗೆ ಬೇರೆ ವರ್ಗವನ್ನು ಮಾಡಿ ಹೊಸಬರಿಗೂ ಬಾಗಿಲು ತೆರೆದಿಟ್ಟಿದೆ. ಕೊಲ್ಲಿಯಲ್ಲಿ ದೊಡ್ಡ ಲಾಯಗಳ ಒಡೆಯರದು ನೂರಾರು ಕುದುರೆ, ಕೂಲಿಯ ಸವಾರರು, ಭಾರಿ ಬಹುಮಾನ. ಅದು ಬಾರಗೀರರ ಆಟ. ಅಲ್ಲಿ ಕುದುರೆಗಳ ಕಾಲು ಮುರಿದು ಸಾಯುವ ಪ್ರಕರಣಗಳು ಹೆಚ್ಚಿದಾಗ ಅಂತರರಾಷ್ಟ್ರೀಯ ಒಕ್ಕೂಟವು 2015ರಲ್ಲಿ ಸಂಯುಕ್ತ ಅರಬ್ ಸಂಸ್ಥಾನಗಳ ಒಕ್ಕೂಟವನ್ನು ಕೆಲಕಾಲ ಹೊರಗಿಡಬೇಕಾಯಿತು. ತೇಜಿಯ ತವರಿನಲ್ಲಿಯೇ ಹೀಗಾಯಿತೆಂಬುದು ವಿಷಾದದ ಸಂಗತಿ. ಆದರೂ ಅಲ್ಲಿಯೇ ವೇಗಕ್ಕೆ ಮಿತಿಯನ್ನು ಹಾಕಿ, ನಾಡಿಬಡಿತದ ಕಟ್ಟನ್ನು ಇನ್ನಷ್ಟು ಬಿಗಿಗೊಳಿಸಿ ನಡೆಸುವ ಸವಾರಿಗಳೂ ಹುಟ್ಟಿಕೊಂಡಿವೆಯೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು.

ಈಗ ಮುಂಬಯಿಗೇ ಮರಳೋಣ. ಲೋಕಕ್ಕೆ ತಾಳಿಕೆಯ ಕುದುರೆಗಳನ್ನು ಮಾರಿದ ಈ ಊರು ತಾನು ಮಾತ್ರ ಅವನ್ನು ದೂರ ಓಡಿಸಲಿಲ್ಲ. ಅದಕ್ಕೆ ಬೇಕಾದುದು ಎಳೆಯುವ ಕುದುರೆ. 1874ರ ಮೇ 9ರಂದು ಕೊಲಾಬಾದಿಂದ ಪಾಯಧುನಿಗೆ ಕುದುರೆಯ ಟ್ರಾಮು ಹೊರಟಾಗ ಕಂಪನಿಯ ಲಾಯಗಳಲ್ಲಿ 900 ಕುದುರೆಗಳಿದ್ದುವು. ಪ್ರಯಾಣಕ್ಕೆ ಮೂರು ಆಣೆ. ಕಂಬಿಯ ಮೇಲೆ ಒಂದೇ ಹಾದಿ, ಮತ್ತೆ ಮತ್ತೆ ಅದೇ ನಿಲುಗಡೆ, ಅದೇ ಗಂಟೆ: ಆ ಕುದುರೆಗಳು ನಡೆದ ಮೈಲಿಗಳನ್ನು ಕೂಡಿಸಿದರೆ ಎಷ್ಟು ಕಂದಹಾರಗಳಾಗುತ್ತಿದ್ದುವೋ! 1907ರ ಮೇ 7ರಂದು ವಿದ್ಯುತ್ ಟ್ರಾಮು ಓಡತೊಡಗಿದ ಮೇಲೆ ಆ ದುಡಿಮೆಯ ಸುದ್ದಿಯೇ ನಿಂತುಹೋಯಿತು. ಆದರೆ ಟ್ರಾಮು ಹೊರಟ ಆ 1874ರಲ್ಲಿಯೇ ಇಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಸಂಘವೂ ಹುಟ್ಟಿತು. ಮುಂದಿನ ದಶಕದಲ್ಲಿ ಸರ್ ದಿನ್ಶಾ ಪೇಟಿಟರ ದಾನದಿಂದ, ಅವರ ಪತ್ನಿ ಬಾಯಿ ಸಾಕರಬಾಯಿಯವರ ಹೆಸರಿನಲ್ಲಿ, ಪರೇಲಿನಲ್ಲಿ ಪ್ರಾಣಿಗಳ ಆಸ್ಪತ್ರೆ ಎದ್ದಿತು. ಅದನ್ನು ಜನರು ಕರೆಯುವುದು ಬೈಲ್ ಘೋಡಾ ಆಸ್ಪತ್ರೆಯೆಂದು. ಎತ್ತು ಕುದುರೆಗಳ ಬೆವರಿನಿಂದಲೇ ನಡೆಯುತ್ತಿದ್ದ ಊರಿಗೆ ಇದಕ್ಕಿಂತ ಸಹಜವಾದ ಹೆಸರು ಯಾವುದು? ಅಲ್ಲಿಯೇ 1886ರಲ್ಲಿ ಪಶುವೈದ್ಯ ಕಾಲೇಜು ಆರಂಭವಾಯಿತು. ವಿಯೆನ್ನಾದ ದಾರಿಯಲ್ಲಿ ಕುದುರೆಗಳು ಸಾಯುವುದಕ್ಕೆ ಆರು ವರುಷ ಮುಂಚೆಯೇ, ಕುದುರೆಯ ಎದೆಯ ಮೇಲೆ ಕಿವಿಯಿಟ್ಟು ಕೇಳುವ ವಿದ್ಯೆ ಮುಂಬಯಿಯಲ್ಲಿ ಪಾಠವಾಗಿತ್ತು.

ದೀರ್ಘಸವಾರಿ ಇಂದು ನಿಂತಿರುವುದು ಈ ವಿದ್ಯೆಯ ಮೇಲೆಯೇ. ಹಾದಿಯನ್ನು 30 ಅಥವಾ 40 ಕಿಲೋಮೀಟರುಗಳ ಸುತ್ತುಗಳಾಗಿ ವಿಭಾಗಿಸಿರುತ್ತಾರೆ. ಒಂದು ಸುತ್ತು ಮುಗಿಸಿ ಬಂದ ಕುದುರೆಯಿಂದ ಜೀನನ್ನು ಇಳಿಸಿ, ಕತ್ತಿಗೂ ತೊಡೆಗೂ ತಣ್ಣೀರನ್ನು ಸುರಿದು, ಅಂಗೈಯಿಂದ ಬೆವರನ್ನು ಒರೆಸಿಹಾಕಿ, ಮತ್ತೆ ಸುರಿಯುತ್ತಾರೆ. ಗಡಿಯಾರ ಓಡುತ್ತಿರುತ್ತದೆ: 15 ನಿಮಿಷಗಳೊಳಗೆ ನಾಡಿ 64ಕ್ಕೆ ಇಳಿಯಬೇಕು. ವೈದ್ಯನು ಎಡಮೊಣಕೈಯ ಹಿಂದೆ ಸ್ಟೆತಸ್ಕೋಪನ್ನಿಟ್ಟು ಎಣಿಸುತ್ತಾನೆ. ವಸಡನ್ನು ಹೆಬ್ಬೆಟ್ಟಿನಿಂದ ಒತ್ತಿ, ಬಿಳುಪಾದ ಗುರುತು ಎಷ್ಟು ಬೇಗ ಕೆಂಪೇರಿತೆಂದು ನೋಡುತ್ತಾನೆ. ಭುಜದ ಚರ್ಮವನ್ನು ಚಿವುಟಿ ಬಿಟ್ಟು, ಅದು ತಟ್ಟನೆ ಕೂಡಿಕೊಂಡಿತೋ ಮಡಿಕೆಯಾಗಿ ನಿಂತಿತೋ ಎಂದು ಗಮನಿಸಿ ಮೈಯ ನೀರನ್ನು ಅಳೆಯುತ್ತಾನೆ. ಪಕ್ಕೆಗೆ ಕಿವಿಗೊಟ್ಟು ಕರುಳಿನ ಗುಡುಗುಡು ಸದ್ದನ್ನು ಕೇಳುತ್ತಾನೆ, ಹೊಟ್ಟೆ ಮೌನವಾಗಿದ್ದರೆ ಅಪಾಯ. ಕೊನೆಗೆ ಕುಕ್ಕುಲೋಟದಲ್ಲಿ ಒಮ್ಮೆ ಆಚೆಗೆ, ಒಮ್ಮೆ ಈಚೆಗೆ ಓಡಿಸಿದಾಗ ತಲೆಯು ಹೆಜ್ಜೆಗೊಮ್ಮೆ ತೂಗಿದರೆ ಕುಂಟೆಂದು ತೀರ್ಮಾನ. ಗೆಲ್ಲುವ ಕುದುರೆಯಾದರೂ ಅಲ್ಲಿಗೆ ಅದರ ಸವಾರಿ ಮುಗಿಯಿತು. ಭೇಂಡಿ ಬಜಾರಿನ ಲಾಯದಲ್ಲಿ ಕಣ್ಮುಚ್ಚಿ ಕಾಲನ್ನು ತಡವುತ್ತಿದ್ದವನ ಕೈಯೇ ಇದು. ಅವನು ಬೆಲೆಗಾಗಿ ಓದುತ್ತಿದ್ದನು, ಇವನು ಕುದುರೆಯ ಪರವಾಗಿ ಓದುತ್ತಾನೆ.

ಈ ಬಾಗಿಲುಗಳನ್ನು ಒಂದೊಂದಾಗಿ ದಾಟಿ ಹೆಸರು ಮಾಡಿದ ಭಾರತೀಯಳು ಕೇರಳದ ಮಲಪ್ಪುರಂ ಕಡೆಯ ನಿದಾ ಅಂಜುಮ್ ಚೇಲಾಟ್. ಆಕೆ 2023ರಲ್ಲಿ ಫ್ರಾನ್ಸಿನ ಕಸ್ತೆಲ್ಸಗ್ರಾದಲ್ಲಿ ಕಿರಿಯರ ವಿಶ್ವಸ್ಪರ್ಧೆಯ 120 ಕಿಲೋಮೀಟರನ್ನೂ, ಮರುವರುಷ ಮೊಂಪಾಜಿಯೆಯಲ್ಲಿ ಹಿರಿಯರ 160 ಕಿಲೋಮೀಟರನ್ನೂ ಮುಗಿಸಿದಳು. ಮುಂಬಯಿಯ ಕುದುರೆಗಾರರ ಒಲವೆಲ್ಲ ಬೇರೆ ಕಡೆಗೆ: 1883ರಿಂದ ಮಹಾಲಕ್ಷ್ಮಿಯಲ್ಲಿ ಪಂದ್ಯ, 1942ರಲ್ಲಿ ಹುಟ್ಟಿದ ಹವ್ಯಾಸಿ ಸವಾರರ ಕ್ಲಬ್ಬಿನಲ್ಲಿ ಪೋಲೊ ಮತ್ತು ಜಿಗಿತದ ವರಸೆಗಳು. ಸುಮಾರು 2,400 ಮೀಟರಿನ ಆ ಮಹಾಲಕ್ಷ್ಮಿಯ ಬಳಸಿನಲ್ಲಿ ಯಾರಾದರೂ 160 ಕಿಲೋಮೀಟರು ಸವಾರಿಮಾಡಹೊರಟರೆ ಅರುವತ್ತಾರಕ್ಕೂ ಮಿಕ್ಕಿ ಸುತ್ತಬೇಕಾದೀತು. ಬೀದಿಯ ವಿಕ್ಟೋರಿಯಾ ಗಾಡಿಗಳನ್ನು 2015ರಲ್ಲಿ ಉಚ್ಚ ನ್ಯಾಯಾಲಯವೇ ನಿಲ್ಲಿಸೆಂದಿತು. ಮೋಟಾರುಗಳಿಗೆ ಪ್ರವೇಶವಿಲ್ಲದ ಮಾಥೇರಾನಿನ ಬೆಟ್ಟದಲ್ಲಿ ಮಾತ್ರ ದಸ್ತೂರಿ ನಾಕೆಯಿಂದ ಪೇಟೆಗೆ, ಪೇಟೆಯಿಂದ ನಾಕೆಗೆ, ಪ್ರವಾಸಿಗಳನ್ನು ಹೊತ್ತು ಕೆಂಪು ಧೂಳಿನಲ್ಲಿ ಏರಿಳಿಯುವ ಕುದುರೆಗಳು ಇನ್ನೂ ಉಂಟು. ಅವುಗಳ ನಾಡಿಯನ್ನು ಎಣಿಸುವವರಿಲ್ಲ.

ಮೈದಾನಿನ ಕಥೆ ಅರ್ಧಕ್ಕೆ ನಿಂತಿತಷ್ಟೆ. ಒಡೆಯನನ್ನು ಕಳೆದುಕೊಂಡ ಆ ಕುದುರೆ ಮತ್ತೆ ಕೈಯಿಂದ ಕೈಗೆ ದಾಟಿ, ಮತ್ತೆ ಪಂದ್ಯಗಳಲ್ಲಿ ಓಡಿ, ಹದಿನೈದರ ವಯಸ್ಸಿನಲ್ಲಿ ಕ್ಯಾಪ್ಟನ್ ವೆಸಿ ಎಂಬವನೊಡನೆ ಸೈನಿಕರ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟಿತು. ಆಗ ಸೂದಾನಿನಲ್ಲಿ ಯುದ್ಧ. ಸುಯೆಜಿನಲ್ಲಿ ಹಡಗನ್ನು ಸೈನ್ಯದ ಕೆಲಸಕ್ಕೆ ಹಿಂದಕ್ಕೆ ತಿರುಗಿಸಿದರು. ಮರಳಿ ದಡ ಕಾಣುವವರೆಗೆ ಮೈದಾನ್ ನೂರು ದಿನಗಳ ಕಾಲ ಒಮ್ಮೆಯೂ ಮಲಗದೆ ತನ್ನ ಇಕ್ಕಟ್ಟಿನ ಕಟ್ಟೆಯೊಳಗೆ ನಿಂತೇ ಇತ್ತೆಂದು ಅಂದಿನ ಅಶ್ವಪ್ರಿಯರು ಬರೆದಿಟ್ಟಿದ್ದಾರೆ. ಇಳಿದ ಮೇಲೆ, ಹದಿನೇಳರ ವಯಸ್ಸಿನಲ್ಲಿ, ಅದು ಬೇಲಿ ಹಳ್ಳಗಳನ್ನು ಹಾರುವ ಓಟವೊಂದನ್ನು ಗೆದ್ದಿತು.